ಕೆರೆಯ ನೀರು ಹಸಿರಾದ ವರ್ಷ

ಬಾಟಲಿ ತೊಳೆಯುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಈಗ ಹೊಸದಾಗಿ ಸೇರುತ್ತಿರುವವರು ಇದನ್ನೋದಿ ನಗಬಹುದು, ನಗಲಿ. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯ ಬಾವಿಯ ನೀರು ತಂದು, ಅದರಲ್ಲಿ ಫಾಸ್ಫೇಟ್ ವಿಪರೀತ ಇದೆ ಎಂದು ದಪ್ಪ ಅಕ್ಷರದಲ್ಲಿ ಬರೆದಿಟ್ಟೆ. ನಮ್ಮ ಕೆಮಿಸ್ಟ್ ಪಾಟೀಲ ಸಾಹೇಬರು ಹಾಳೆ ನೋಡಿದರು. ಆಮೇಲೆ ಬಾಟಲಿ ಎತ್ತಿ ಮೂಸಿದರು.

“ಬಾಟ್ಲಿ ಯಾತರಲೆ ತೊಳದಿ?”

“ಸೋಪಿನ ಪುಡೀಲೆ ಸರ್. ಚಂದಂಗ ತೊಳದೇನಿ.”

“ಹಂಗಾರ ಬಾವಿ ನೀರು ಚಲೋ ಐತಿ. ನೀ ಪರೀಕ್ಷಾ ಮಾಡಿದ್ದು ನಿನ್ನ ಸೋಪಿನ ಪುಡಿ.”

ಮರುದಿನ ಬಸ್ಸಿನಲ್ಲಿ ಅದೇ ಹಳ್ಳಿಗೆ ಹೋಗಿ, ತಪ್ಪು ನನ್ನದು, ಬಾವಿಯದಲ್ಲ ಎಂದು ಜನರಿಗೆ ಹೇಳಿ, ಪರೀಕ್ಷಿಸಬೇಕಾದ ನೀರಿನಿಂದಲೇ ಬಾಟಲಿಯನ್ನು ಮೂರು ಸಲ ಗಲಬರಿಸಿ ತುಂಬಿಕೊಂಡು ಬಂದೆ. ಸಾಹೇಬರು ಬೈಯಲಿಲ್ಲ. ಅವರಿಗೆ ಬೈಯುವುದಕ್ಕಿಂತ ನಡೆಸುವುದರಲ್ಲಿ ಹೆಚ್ಚು ನಂಬಿಕೆ. ಯಾವ ಬಾವಿಗೆ ಹೋದರೂ ನೀರು ತುಂಬಿಕೊಂಡ ಮೇಲೆ ಸುತ್ತಲಿನ ಹೊಲ, ಹಳ್ಳ, ಗಟಾರ ಎಲ್ಲ ತಿರುಗುತ್ತಿದ್ದರು. “ನೀರಿನ ಖೋಡಿ ನೀರಾಗ ಹುಡುಕಬ್ಯಾಡ. ಅದು ಬಂದ ದಾರ್ಯಾಗ ಹುಡುಕು,” ಎನ್ನುತ್ತಿದ್ದರು. ಬೇಸಿಗೆಯಲ್ಲಿ ಕಪ್ಪು ಮಣ್ಣಿನ ಎರಿ ಹೊಲದ ಬಿರುಕುಗಳನ್ನು ದಾಟುತ್ತ ಅವರ ಹಿಂದೆ ಹೋಗುವಾಗ, ಈ ಮನುಷ್ಯನಿಗೆ ಕಚೇರಿಗೆ ವಾಪಸು ಹೋಗಲು ಮನಸ್ಸಿಲ್ಲ ಎಂದೇ ನಾನು ತಿಳಿದಿದ್ದೆ.

ನಮ್ಮದು ಸಾಲೋಟಗಿ ಹತ್ತಿರದ ಊರು. ಅಪ್ಪ ಬೇರೆಯವರ ನಿಂಬೆ ತೋಟದಲ್ಲಿ ದುಡಿಯುತ್ತಿದ್ದ. ನನ್ನ ಅಜ್ಜಿಯ ಕಾಲದಲ್ಲಿ ನಮ್ಮ ಕೇರಿಯವರು ಊರ ಬಾವಿಯ ಪಕ್ಕ ಕೊಡ ಇಟ್ಟು ನಿಲ್ಲಬೇಕಿತ್ತು, ಯಾರಾದರೂ ಎತ್ತಿ ಹೊಯ್ದರೆ ನೀರು. ನಾನು ಪರೀಕ್ಷೆಯ ಪೆಟ್ಟಿಗೆ ಹಿಡಿದು ಸಿಂದಗಿ ತಾಲೂಕಿನ ಒಂದು ಊರಿಗೆ ಮೊದಲ ಸಲ ಹೋದಾಗ ಬಾವಿಯ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಅಡ್ಡಹೆಸರು ಕೇಳಿದರು. ಕಾಂಬಳೆ ಎಂದೆ. ನನ್ನನ್ನೂ ಪೆಟ್ಟಿಗೆಯನ್ನೂ ಒಮ್ಮೆ ನೋಡಿದರು. ಆಮೇಲೆ, “ಹಂಗಾರ ನಮ್ಮ ಬಾವಿ ಪಾಸೋ ನಪಾಸೋ, ನೀವಽ ಹೇಳವ್ರೇನು?” ಎಂದರು. “ಹೌದ್ರಿ, ನಾನಽ,” ಎಂದೆ. ಅವರೇ ಎದ್ದು ಹಗ್ಗ ಬಿಟ್ಟು ಬಕೆಟ್ ಎತ್ತಿ ನನ್ನ ಬಾಟಲಿಗೆ ನೀರು ಹೊಯ್ದರು. ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ಬಹಳ ಹೊತ್ತು ನಕ್ಕಳು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಬಹುತೇಕ ಹಳ್ಳಿಗಳ ನೀರು ನನ್ನ ಕೈ ದಾಟಿ ಹೋಗಿದೆ. ಮೊದಲೆಲ್ಲ ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ದ್ರಾವಣ ಬಿಡುತ್ತ, ಕೆಂಪು ನೀಲಿಗೆ ತಿರುಗುವ ಆ ಒಂದು ಹನಿಗಾಗಿ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಆಮೇಲೆ ಯಂತ್ರಗಳು ಬಂದವು, ಅಂಕಿ ತಾವೇ ತೋರಿಸಿದವು. ಕೊನೆಗೆ ಮೊಬೈಲಿನಲ್ಲಿ ಬಾವಿಯ ಫೋಟೊ ತೆಗೆದು ಅಲ್ಲಿಂದಲೇ ವರದಿ ಕಳಿಸುವ ಕಾಲ ಬಂತು. ಕೆಲಸ ಹಗುರಾಯಿತು, ನಿಜ. ಆದರೆ ಫೋಟೊ ತೆಗೆದೊಡನೆ ಜೀಪು ಹತ್ತುವ ಚಾಳಿಯೂ ಅದರ ಜೊತೆಗೇ ಬಂತು. ಅದು ನನಗೂ ಅಂಟಿತು, ಅದರ ಕಥೆಯನ್ನೇ ಈಗ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ಮೋರಟಗಿ ಕಡೆಗೆ ಹೋದಾಗಲೆಲ್ಲ ನಾನು ಗಮನಿಸಿದ್ದುಂಟು. ಹಿಂಗಾರಿ ಬಿಳಿಜೋಳದ ಹೊಲಗಳ ನಡುವಿನ ಬಾವಿಗಳಲ್ಲಿ ನೈಟ್ರೇಟ್ ಕಡಿಮೆ ಇರುತ್ತಿತ್ತು. ಕಾಲುವೆ ನೀರು ಬಂದು ಚೀಲಗಟ್ಟಲೆ ಗೊಬ್ಬರ ಸುರಿಯುವ ಬೆಳೆ ಹಾಕಿದ ಕಡೆ ಅದೇ ಮೇಲೇರುತ್ತಿತ್ತು. ಜೋಳಕ್ಕೆ ಎರಿ ಭೂಮಿಯ ಹಸಿ, ಇಬ್ಬನಿ, ಸ್ವಲ್ಪ ತಿಪ್ಪೆಗೊಬ್ಬರ ಸಾಕು. ನಾವು ಜೋಳದ ರೊಟ್ಟಿ ತಿಂದರೆ ಯಾವುದೋ ಬಾವಿಯ ನೀರು ಚಲೋ ಇರುತ್ತದೆ ಎಂದು ವರದಿಯಲ್ಲಿ ಬರೆಯಲು ಕಾಲಂ ಇರಲಿಲ್ಲ. ಆದ್ದರಿಂದ ನಾನು ಬರೆಯಲಿಲ್ಲ. ಬರೆಯಬೇಕಿತ್ತು.

ಈಗ ಕೆರೆಯ ವಿಷಯ. ನಾಲತವಾಡದ ಆಚೆಗಿನ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿನ ಕೆರೆ ನಾನು ಕಂಡಂತೆ ಯಾವಾಗಲೂ ಜಾಲಿ ಬೆಳೆದ ಬಯಲು. ಕಾಲುವೆಯಿಂದ ಕೆರೆ ತುಂಬಿಸಿದ ವರ್ಷ ಊರೇ ದಂಡೆಗೆ ಬಂತು. ಬೆಳ್ಳಕ್ಕಿಗಳು ಬಂದವು, ಕೆರೆಯ ಕೆಳಗಿನ ಬಾವಿಯಲ್ಲಿ ನೀರು ಏರಿತು, ಆ ಬಾವಿಯಿಂದಲೇ ಊರಿಗೆ ನಳದ ನೀರು. ಸಂಜೆ ಜನ ದಂಡೆಯ ಮೇಲೆ ಕೂರತೊಡಗಿದಾಗ ಶಾಂತವ್ವ ಎಂಬ ಹೆಣ್ಣುಮಗಳು ಅಲ್ಲಿ ಮಿರ್ಚಿ ಭಜಿಯ ಗಾಡಿ ಇಟ್ಟಳು. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳು ಹೈಸ್ಕೂಲಿನಲ್ಲಿದ್ದರು. ಅವಳ ಮಿರ್ಚಿಗೆ ಪಕ್ಕದ ಊರಿನವರೂ ಬರುತ್ತಿದ್ದರು.

ಎರಡು ವರ್ಷ ಕೆರೆ ಚೆನ್ನಾಗಿತ್ತು. ಮೂರನೆಯ ಬೇಸಿಗೆಗೆ ನೀರು ಹಸಿರಾಯಿತು. ಬಣ್ಣ ಕಲಸಿದಂತಹ ದಪ್ಪ ಹಸಿರು, ಮೇಲೆ ಕೆನೆಗಟ್ಟಿದ ಪಾಚಿ, ಕೊಳೆತ ವಾಸನೆ. ಎಮ್ಮೆಗಳು ದಂಡೆಗೆ ಬಂದು ಮೂಸಿ ತಿರುಗಿ ಹೋಗುತ್ತಿದ್ದವು. ನಳದ ನೀರಿಗೂ ವಾಸನೆ ಬಂತೆಂದು ದೂರು ಬಂದಾಗ ನಾನು ಜೀಪಿನಲ್ಲಿ ಹೋದೆ. ಜೀಪಿನ ಡ್ರೈವರ್ ರಾಜೇಸಾಬ ನನ್ನ ಜೊತೆ ಬಹಳ ವರ್ಷ ದುಡಿದವನು. ಕೆರೆಯ ಮೂಲೆಯಲ್ಲಿ, ಶಾಂತವ್ವನ ಗಾಡಿಯ ಕೆಳಗೆ, ನೀರಿನ ಮೇಲೆ ಎಣ್ಣೆಯ ಪದರು ಬಿಸಿಲಿಗೆ ಬಣ್ಣ ಬಣ್ಣವಾಗಿ ಹೊಳೆಯುತ್ತಿತ್ತು. ಕರಿದುಳಿದ ಎಣ್ಣೆ, ಕಡಲೆಹಿಟ್ಟಿನ ತೊಳೆ ನೀರು, ಎಲ್ಲ ಅಲ್ಲಿಗೇ ಚೆಲ್ಲುತ್ತಿದ್ದಳು. ಫೋಟೊ ತೆಗೆದೆ. ದಂಡೆಯ ಮೇಲಿನ ತಿಂಡಿ ಗಾಡಿಯ ತ್ಯಾಜ್ಯದಿಂದ ಕೆರೆ ಹಾಳಾಗಿದೆ ಎಂದು ಅಲ್ಲೇ ನಿಂತು ಬರೆದು ಕಳಿಸಿದೆ. ಒಂದು ತಾಸಿನ ಕೆಲಸ.

ವಾರದೊಳಗೆ ಪಂಚಾಯಿತಿಯವರು ಅವಳ ಗಾಡಿ ತೆಗೆಸಿದರು. ಮತ್ತೆ ನೀರು ತರಲು ಹೋದಾಗ ಅವಳು ದಂಡೆಯ ಮೇಲೆಯೇ ಎದುರಾದಳು. ಕೈಯಲ್ಲಿ ಕುರ್ಪಿ, ಯಾರದೋ ಹೊಲದಲ್ಲಿ ಕಸ ತೆಗೆದು ಬರುತ್ತಿದ್ದಳು.

“ಬಾಯಾರ, ಒಂದ ಮಾತ ಕೇಳ್ತೇನ್ರಿ. ನನ್ನ ಎಣ್ಣಿ ಹಸರ ಐತೇನ್ರಿ?”

ಎಣ್ಣೆ ಕೊಳೆತರೆ ನೀರಿನ ಉಸಿರು ಕಟ್ಟುತ್ತದೆ, ಮೀನು ಸಾಯುತ್ತವೆ ಎಂದೆಲ್ಲ ಹೇಳಿದೆ. ಸುಳ್ಳಲ್ಲ. ಆದರೆ ಅವಳು ಕೇಳಿದ್ದು ಅದಲ್ಲ. “ನೀವು ಕಲತವ್ರು. ಇರಬೋದ್ರಿ,” ಎಂದು ನಡೆದುಬಿಟ್ಟಳು.

ಮಳೆಗಾಲ ಶುರುವಾಯಿತು. ಗಾಡಿ ಹೋಗಿ ಎರಡು ತಿಂಗಳಾಗಿತ್ತು, ಎಣ್ಣೆಯ ಪದರೂ ಇರಲಿಲ್ಲ. ಮೊದಲ ದೊಡ್ಡ ಮಳೆಯ ನಂತರ ಕೆರೆ ಇನ್ನೂ ಹಸಿರಾಯಿತು. ಅವಳ ಪ್ರಶ್ನೆ ನನ್ನನ್ನು ತಿನ್ನತೊಡಗಿತು. ಆಗಲೇ ನಿವೃತ್ತರಾಗಿದ್ದ ಪಾಟೀಲ ಸಾಹೇಬರಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಒಂದೇ ಮಾತು ಕೇಳಿದರು: “ಕೆರಿ ಸುತ್ತ ನಡದಿ?”

ನಡೆದಿರಲಿಲ್ಲ. ಮರುದಿನ ಹೋಗಿ ನಡೆದೆ. ಕೆರೆಗೆ ಮೇಲಿನಿಂದ ಒಂದು ಸಣ್ಣ ಓಣಿಯಂಥ ಹಳ್ಳ ಇಳಿಯುತ್ತದೆ. ಅದರ ಗುಂಟ ಪಾಚಿ ಎಲ್ಲಕ್ಕಿಂತ ದಟ್ಟ. ಅದನ್ನೇ ಹಿಡಿದು ಏರಿದೆ. ಏರಿದಲ್ಲಿ ತಂತಿ ಬೇಲಿ, ಅದರಾಚೆ ನಾನು ಆ ಸೀಮೆಯಲ್ಲೇ ಕಂಡಿರದಂತಹ ಹುಲ್ಲುಹಾಸು. ಗಿಳಿ ಹಸಿರು, ಚಾಪೆ ಹಾಸಿದಷ್ಟು ಸಮ. ನಡುವೆ ಮದುವೆಯ ಮಂಟಪ. ಮುದುಕರೊಬ್ಬರು ಬಗ್ಗಿ ಹುಲ್ಲಿನಂಚಿನ ಸಣ್ಣ ಕಾಲುವೆ ಕೆದರುತ್ತಿದ್ದರು. ತಲೆ ಎತ್ತಿದರು.

ದೇಶಪಾಂಡೆ ಸರ್. ಇಂಡಿಯಲ್ಲಿ ನನಗೆ ವಿಜ್ಞಾನ ಕಲಿಸಿದವರು. ನೀರಿನ ಹನಿಯೊಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನನ್ನನ್ನು ಮೊದಲು ಕರೆದು ತೋರಿಸಿದವರು. ನಮ್ಮ ಕೇರಿಯ ಹುಡುಗಿಯನ್ನು ಯಾವ ಸರ್ ಕೂಡ ಯಾವುದಕ್ಕೂ ಮೊದಲು ಕರೆಯದ ಕಾಲವದು.

“ಸುಮಿತ್ರಾ! ಬಾರವಾ, ಬಾ. ಎಷ್ಟ ದಿವಸ ಆತು!”

ನಿವೃತ್ತಿಯ ನಂತರ ಹಿರಿಯರ ಹೊಲಕ್ಕೆ ಬಂದು ನೆಲೆಸಿದ್ದರು. ಸೊಸೆಗೆ ಮರಾಠಿಯಲ್ಲಿ ಕೂಗಿ ಹೇಳಿ ಚಹಾ, ಹಚ್ಚಿದ ಅವಲಕ್ಕಿ ತರಿಸಿದರು. ಹುಲ್ಲನ್ನು ಮಗುವಿನ ಹಾಗೆ ತೋರಿಸಿದರು. ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು, ಹದಿನೈದು ದಿನಕ್ಕೊಮ್ಮೆ ಯೂರಿಯಾ, ನಡುನಡುವೆ ಡಿಎಪಿ. “ಊರಿನ ಬಡವರ ಮಕ್ಕಳೂ ಚಂದನ ಜಾಗಾದಾಗ ಮದಿವಿ ಆಗ್ಲಿ ಅಂತ,” ಎಂದರು. ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಬೇಲಿಯ ಕೆಳಗೆ ಹರಿದು ಬರುತ್ತಿದ್ದ ನೀರನ್ನು ಬರುವಾಗ ತುಂಬಿಕೊಂಡೆ. ಜೀಪಿನಲ್ಲೇ ನೈಟ್ರೇಟ್ ಪರೀಕ್ಷೆಯ ಪುಡಿ ಹಾಕಿ ಅಲುಗಿಸಿದೆ. ನೀರು ಗುಲಾಬಿ ದಾಟಿ ಕಡುಗೆಂಪಾಯಿತು. ಬಣ್ಣದ ಪಟ್ಟಿಯ ಕೊನೆಯ ಮನೆಯನ್ನೂ ಮೀರಿದ ಕೆಂಪು.

ನಾನು ಏನೂ ಬರೆಯಲಿಲ್ಲ. ಇನ್ನೊಮ್ಮೆ ಪರೀಕ್ಷಿಸೋಣ ಎಂದುಕೊಂಡೆ. ಬಸವನ ಬಾಗೇವಾಡಿ ಕಡೆಯ ಕೆಲಸ ಮುಗಿಯಲಿ ಎಂದುಕೊಂಡೆ. ಹೀಗೆ ಹದಿನೈದು ದಿನ ಕಳೆದವು. ಒಂದು ದಿನ ರಾಜೇಸಾಬ ಗೇರು ಬದಲಿಸುತ್ತ, ನನ್ನತ್ತ ನೋಡದೆ ಹೇಳಿದ:

“ಮೇಡಮ್, ಶಾಂತವ್ವನ ಮ್ಯಾಲ ಒಂದ ತಾಸನ್ಯಾಗ ಬರದ್ರಿ. ಸರ್ ಮ್ಯಾಲ ಬರ್ಯಾಕ ಹದನೈದ ದಿನಾ ಸಾಲವಲ್ಲವೇನ್ರಿ?”

ಜೀಪು ತಿರುಗಿಸಲು ಹೇಳಿದೆ.

ಸರ್ ಎಲ್ಲ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ, ಆದರೆ ಒಪ್ಪಲೂ ಇಲ್ಲ. “ಗೊಬ್ಬರ ಭೂಮಿಗೆ ಹಾಕೀನಿ, ಕೆರಿಗಲ್ಲ. ನೀ ಅಂತಿ ಅಂತ ಹೆಂಗ ಒಪ್ಪಲಿ? ಸಾಲ್ಯಾಗ ನಾ ನಿಮಗ ಹಂಗ ಕಲಿಸೀನೇನು? ಮಾಡಿ ತೋರಸು.”

ಮಾಡಿ ತೋರಿಸಲು ಮೂರು ಗಾಜಿನ ಉಪ್ಪಿನಕಾಯಿ ಬರಣಿಗಳನ್ನು ಅವರೇ ತಂದರು. ಮೂರಕ್ಕೂ ಕಾಲುವೆಯ ನೀರು, ಒಂದೊಂದು ಚಮಚ ಕೆರೆಯ ನೀರು. ಮೊದಲನೆಯದನ್ನು ಹಾಗೇ ಬಿಡುವುದು. ಎರಡನೆಯದಕ್ಕೆ ಶಾಂತವ್ವನ ಕರಿದ ಎಣ್ಣೆ, ಮೂರನೆಯದಕ್ಕೆ ಹುಲ್ಲಿಗೆ ಹಾಕುವ ಗೊಬ್ಬರದ ಒಂದು ಚಿಟಿಕೆ. ಎಣ್ಣೆ ಕೇಳಲು ಶಾಂತವ್ವನ ಮನೆಗೆ ಹೋದವಳು ನಾನು. ಡಬ್ಬಿಯ ತಳದಲ್ಲಿದ್ದುದನ್ನು ಬಟ್ಟಲಿಗೆ ಬಗ್ಗಿಸಿ ಕೊಟ್ಟಳು. “ಒಯ್ರಿ. ಗಾಡೀನ ತಗಸೀರಿ, ಎಣ್ಣಿ ಯಾಕ ಬಿಡ್ತೀರಿ,” ಎಂದಳು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವಳು ಒಳಗೆ ಹೋಗಿಬಿಟ್ಟಳು.

ಬರಣಿಗಳು ಸರ್ ಪಡಸಾಲೆಯ ಬಿಸಿಲಲ್ಲಿ ಕೂತವು. ಅವರು ದಿನಾ ಬೆಳಿಗ್ಗೆ ಪೂಜೆ ಮುಗಿಸಿ ನನಗೆ ಫೋನ್ ಮಾಡುತ್ತಿದ್ದರು. ಮೊದಲು “ಏನೂ ಇಲ್ಲ.” ನಾಲ್ಕನೆಯ ದಿನ “ಮೂರನೇದು ಯಾಕೋ ಮಸಕ ಅದ.” ಒಂಬತ್ತನೆಯ ದಿನ ಫೋನ್ ಬರಲಿಲ್ಲ. ಹತ್ತನೆಯ ದಿನ ಬಂತು. “ಬಾ. ಶಾಂತವ್ವನ್ನೂ ನಾನಽ ಹೋಗಿ ಕರದ ಬಂದೀನಿ.”

ನಾನು ಹೋದಾಗ ಅವಳು ಕಟ್ಟೆಯ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗುವ ಹಾಗೆ ಕೂತಿದ್ದಳು. ಮೊದಲ ಬರಣಿಯ ನೀರು ತಿಳಿಯಾಗೇ ಇತ್ತು. ಎರಡನೆಯದರಲ್ಲಿ ಬೂದು ಜಿಡ್ಡು. ಮೂರನೆಯದು ಆ ಕೆರೆಯೇ. ಅದೇ ದಪ್ಪ ಹಸಿರು, ಅದೇ ಕೆನೆ.

“ಈ ಹಸರಂದು ಯಾರ್ದ್ರಿ?” ಶಾಂತವ್ವ ಕೇಳಿದಳು.

“ನಂದು,” ಎಂದರು ಸರ್.

“ನಡುವಿಂದು?”

“ನಿಮ್ದವ್ವ,” ಎಂದೆ.

ಅವಳು ಬಗ್ಗಿ ಎರಡನೆಯದನ್ನು ಮೂಸಿದಳು. ಥಟ್ಟನೆ ಮೂಗಿಗೆ ಸೆರಗು ಹಿಡಿದಳು. “ಥೂ! ಇದೂ ಏನ್ ಚಲೋ ಇಲ್ಲ ಬಿಡ್ರಿ.” ಆ ಮನೆಯಲ್ಲಿ ಅಂದು ಮೊದಲ ಸಲ ಎಲ್ಲರೂ ನಕ್ಕೆವು.

ನಗು ನಿಂತ ಮೇಲೆ ಸರ್ ಕೈ ಮುಗಿದರು. “ಶಾಂತವ್ವಾ, ನನ್ನ ಹುಲ್ಲಿನ ಸಲುವಾಗಿ ನಿನ್ನ ಒಲಿ ಆರ್ತು. ತಪ್ಪಾತವಾ.” ಅವಳು ಗಾಬರಿಯಾಗಿ ಎದ್ದು ನಿಂತು, “ದೊಡ್ಡವ್ರು ನೀವು, ಹಂಗ ಅನಬ್ಯಾಡ್ರಿ,” ಎಂದಳು. ನಾನೂ ತಪ್ಪಾಯಿತು ಎಂದೆ. ನನ್ನನ್ನು ಅವಳು ಅಷ್ಟು ಸುಲಭವಾಗಿ ಬಿಡಲಿಲ್ಲ.

“ಬಾಯಾರ, ಸರ್‌ಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತ ಮಾಡ್ಕೊಳ್ಳೂದು ನಿಮ್ಮ ಕೆಲಸಲ್ರಿ?”

ನನ್ನ ಇಡೀ ನೌಕರಿಯಲ್ಲಿ ಮೇಲಧಿಕಾರಿಗಳು ಕೊಟ್ಟ ಯಾವ ನೋಟಿಸೂ ಅಷ್ಟು ನೆಟ್ಟಗೆ ತಾಗಿಲ್ಲ.

ಆ ಸಂಜೆ ಮನೆಯಲ್ಲಿ ಭಜಿ ಕರಿದ ಬಾಣಲೆ ಹಿಡಿದು ಮೋರಿಯ ಮುಂದೆ ನಿಂತಿದ್ದೆ. ಕೈ ಅರ್ಧ ಬಗ್ಗಿತ್ತು. ಇಷ್ಟು ವರ್ಷ ಊರೂರು ತಿರುಗಿ ನೀರು ಪರೀಕ್ಷಿಸಿದವಳು ನನ್ನ ಮನೆಯ ಎಣ್ಣೆಯನ್ನೆಲ್ಲ ಅದೇ ಮೋರಿಗೆ ಸುರಿದಿದ್ದೆ. ಆ ಮೋರಿ ಹಳ್ಳಕ್ಕೆ, ಹಳ್ಳ ಎಲ್ಲಿಗೆ ಎಂದು ಯೋಚಿಸಿರಲೇ ಇಲ್ಲ. ಬಾಣಲೆ ಕೆಳಗಿಟ್ಟೆ.

ವರದಿ ತಿದ್ದುವುದು ಬೇರೆಯೇ ಪೇಚಾಟ. ಆಗ ಕಚೇರಿಗೆ ಹೊಸದಾಗಿ ಬಂದಿದ್ದ ಸಾಹೇಬರು ಒಳ್ಳೆಯ ಹುಡುಗ, ಪಾಪ. “ಮೇಡಮ್, ಕಳಿಸಿದ ವರದಿ ವಾಪಸ್ ತಗೊಳ್ಳಾಕ ಇದರಾಗ ಬಟನ್ನಽ ಇಲ್ರಿ,” ಎಂದು ಮೊಬೈಲು ತೋರಿಸಿದರು. ಹಾಳೆಯ ಮೇಲೆ ಕೈಯಾರೆ ಬರೆದೆ: ಹಿಂದಿನ ವರದಿಯಲ್ಲಿ ಕಾರಣವನ್ನು ಪೂರ್ತಿ ಹುಡುಕದೆ ಒಬ್ಬರ ಮೇಲೆ ಹೊರಿಸಿದ್ದೇನೆ, ಅದು ನನ್ನ ತಪ್ಪು. ಸಾಹೇಬರು ಎರಡು ಸಲ ಓದಿ, “ಹಿಂಗ ಬರದ್ರ ನಿಮಗಽ ತ್ರಾಸರಿ,” ಎಂದರು. ಆದರೂ ಸಹಿ ಹಾಕಿದರು. ಅದನ್ನು ಪಂಚಾಯಿತಿಯ ಸಭೆಯಲ್ಲಿ ನಿಂತು ಓದಿದೆ. ಪಕ್ಕದಲ್ಲಿ ದೇಶಪಾಂಡೆ ಸರ್ ಮೂರನೆಯ ಬರಣಿ ಹಿಡಿದು ನಿಂತಿದ್ದರು. ಶಾಂತವ್ವನಿಗೆ ದಂಡೆಯಿಂದ ತುಸು ಹಿಂದೆ, ಬೇವಿನ ಮರದ ಕೆಳಗೆ ಜಾಗ ಸಿಕ್ಕಿತು. ನನಗೆ ಯಾವ ತ್ರಾಸವೂ ಆಗಲಿಲ್ಲ.

ಅವಳು ಬೇಕಾದಷ್ಟೇ ಎಣ್ಣೆ ಹಾಕಿ ಕರಿಯಲು ಕಲಿತಳು. ಉಳಿದ ಕರಿ ಎಣ್ಣೆಯನ್ನು ಡಬ್ಬಿಗೆ ಬಸಿದಿಟ್ಟರೆ ಬಂಡಿಯವರು ಗಾಲಿಯ ಅಚ್ಚಿಗೆ ಹಚ್ಚಲು ಒಯ್ಯುತ್ತಿದ್ದರು. ಹಿಟ್ಟಿನ ತೊಳೆ ನೀರು ಪಕ್ಕದ ಮನೆಯ ಎಮ್ಮೆಯ ಕಲಗಚ್ಚಿಗೆ ಹೋಯಿತು. ಸರ್ ಚೀಲದ ಗೊಬ್ಬರ ಬಿಟ್ಟರು. ಕತ್ತರಿಸಿದ ಹುಲ್ಲನ್ನು ಗುಡಿಸಿ ಬಿಸಾಡದೆ ಅಲ್ಲೇ ಉದುರಿಸಿದರು, ಅದೇ ಕೊಳೆತು ಗೊಬ್ಬರವಾಯಿತು. ಮಳೆಗಾಲ ಮುಗಿದ ಮೇಲೆ ಒಂದಿಷ್ಟು ಹಳೆಯ ತಿಪ್ಪೆಗೊಬ್ಬರ, ಅಷ್ಟೇ. ಬೇಲಿಯ ಗುಂಟ ಅಗಲವಾದ ಪಟ್ಟಿಯಲ್ಲಿ ಗರಿಕೆಯನ್ನೂ ನಿಂಬೆಹುಲ್ಲನ್ನೂ ಕತ್ತರಿಸದೆ ಎತ್ತರಕ್ಕೆ ಬೆಳೆಯಲು ಬಿಟ್ಟರು, ಹರಿದು ಬರುವ ನೀರು ಅಲ್ಲೇ ತಡೆದು ನೆಲಕ್ಕೆ ಇಂಗಲಿ ಎಂದು. ಮದುವೆಯಲ್ಲಿ ಉಳಿದ ಅನ್ನ ಹಳ್ಳಕ್ಕೆ ಹೋಗದೆ ಗೊಬ್ಬರದ ಕುಣಿಗೆ ಹೋಗತೊಡಗಿತು. ಬೇಸಿಗೆಯಲ್ಲಿ ಹುಲ್ಲು ಹಳದಿಯಾಯಿತು. ಬೀಗರೊಬ್ಬರು ಫೋಟೊ ಚಂದ ಬರುವುದಿಲ್ಲ ಎಂದು ಗೊಣಗಿದರಂತೆ. “ಬ್ಯಾಸಗ್ಯಾಗ ಹಳದಿ ಆಗೂದು ಹುಲ್ಲಿನ ಹಕ್ಕು. ಮದಿಮಗಳ್ನ ನೋಡ್ರಿ, ಹುಲ್ಲ ಯಾಕ ನೋಡ್ತೀರಿ?” ಎಂದು ಸರ್ ಉತ್ತರ ಕೊಟ್ಟರಂತೆ.

ಕೆರೆ ಒಂದೇ ವರ್ಷಕ್ಕೆ ತಿಳಿಯಾಗಲಿಲ್ಲ. ತಳದ ಕೆಸರಿನಲ್ಲಿ ಕೂತ ಗೊಬ್ಬರ ಮರುವರ್ಷವೂ ಸ್ವಲ್ಪ ಪಾಚಿ ಎಬ್ಬಿಸಿತು. ನಾನು ಎದೆಗುಂದಿದ್ದೆ, ಸರ್ ಗುಂದಲಿಲ್ಲ. ಅದರ ಮುಂದಿನ ಬೇಸಿಗೆಗೆ ಎಮ್ಮೆಗಳು ಮೂಸದೆ ನೀರಿಗಿಳಿದವು ಎಂದು ಶಾಂತವ್ವನೇ ಫೋನ್ ಮಾಡಿ ಹೇಳಿದಳು.

ನಿವೃತ್ತಿಯ ತಿಂಗಳಲ್ಲಿ ಆ ಊರಿಗೆ ಕೊನೆಯ ಸಲ ಹೋದೆ. ಕೆರೆಯ ಸುತ್ತ ಪೂರ್ತಿ ನಡೆದೆ. ರಾಜೇಸಾಬನೂ ಇಳಿದು ಜೊತೆಗೆ ಬಂದ. ಕೆಳಗಿನ ಬಾವಿಯ ನೀರು ತುಂಬಿಕೊಂಡು ಅಲ್ಲೇ ಕಟ್ಟೆಯ ಮೇಲೆ ಪೆಟ್ಟಿಗೆ ಬಿಚ್ಚಿ ಒಂದೊಂದೇ ಪರೀಕ್ಷೆ ಮಾಡಿದೆ. ಪಕ್ಕದ ಮನೆಯ ಮುದುಕಿಯೊಬ್ಬಳು ಬಂದು ನನ್ನೆದುರು ಕೂತಳು. ನಾನು ಪುಡಿ ಹಾಕುವುದು, ಅಲುಗಿಸುವುದು, ಗಡಿಯಾರ ನೋಡುವುದು, ಬಣ್ಣದ ಪಟ್ಟಿಗೆ ಹಿಡಿಯುವುದು, ಎಲ್ಲವನ್ನೂ ಅರ್ಧ ತಾಸು ಕಣ್ಣು ಕದಲಿಸದೆ ನೋಡಿದಳು. ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ.

“ಏನ್ ಬಂತವ್ವಾ ಅದರಾಗ?”

“ಏನೂ ಬಂದಿಲ್ಲ, ಆಯಿ. ನೀರು ನೀರಿನಂಗ ಐತಿ.”

ಅವಳ ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು. “ಅಷ್ಟ ಹೇಳಾಕ ಇಷ್ಟ ದೂರ ಬಂದಿಯೇನು?”

“ಹೌದಾಯಿ,” ಎಂದೆ. “ಅಷ್ಟ ಹೇಳಾಕಽ ಬಂದಿದ್ದೆ.”